ಏಳನೆಯ ಬಾಯಿ

ಮೈಸೂರು
೧೪ ಜೂನ್ ೨೦೨೪

ಗೌತಮಿ,

ಮದುವೆ ಅಂದೆಯೋ ತಿಥಿ ಅಂದೆಯೋ ಈಗ ಸರಿಯಾಗಿ ನೆನಪಾಗುತ್ತಿಲ್ಲ. ಟೀವಿಯ ಕಾರ್ಟೂನನ್ನು ಸಿನಿಮಾ ಮಾಡುವುದೆಂದರೆ ಅದಕ್ಕೆ ಮದುವೆ ಮಾಡಿದ ಹಾಗೆ, ಅಥವಾ ತಿಥಿ ಮಾಡಿದ ಹಾಗೆ. ಎರಡರಲ್ಲಿ ಒಂದನ್ನು ನೀನು ಹೇಳಿದ್ದೆ. ‘ಎಂಗೂ ಊಟ ಇರ್ತದೆ ಬುಡು’ ಅಂದು ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲಿಳಿದದ್ದು ಮಾತ್ರ ಚೆನ್ನಾಗಿ ನೆನಪಿದೆ. ಕೆಳಗಿನ ಮಂಡಿಯಲ್ಲಿ ಮೆಣಸಿನಕಾಯಿ ಮೂಟೆ ಇಳಿಸುತ್ತಿದ್ದರು. ನೀನು ಎರಡು ಸಲ ಸೀನಿದೆ. ಅದಾಗಿ ಎರಡು ತಿಂಗಳು.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ನಗಬೇಡ. ನಿನ್ನ ಗಂಟಲಲ್ಲಿ ಹದಿಮೂರು ದನಿಗಳಿವೆ. ಫೋನಿನಲ್ಲಿ ಅವುಗಳಲ್ಲಿ ಯಾವುದು ಮಾತಾಡುತ್ತಿದೆಯೆಂದು ನನಗೆ ತಿಳಿಯುವುದಿಲ್ಲ. ವಿಡಿಯೋ ಕಾಲ್ ಮಾಡಿದರೆ ಕ್ಯಾಮೆರಾವನ್ನು ಸೂರಿಗೆ ತಿರುಗಿಸಿಡುತ್ತೀಯ. ಮುಖ ಕಂಡರೆ ನನಗೆ ತಿಳಿಯುತ್ತದೆ. ಮುಖ ಕಾಣದಿದ್ದರೆ ಕೈಬರಹವಾದರೂ ಇರಲಿ.

ವಿಷಯ ಇಷ್ಟು. ಒಂಬತ್ತು ವರ್ಷದಿಂದ ‘ಟಾಂಗಾ ತಿಮ್ಮಿ’ಗೆ ನೀನು ದನಿ, ನಾನು ಗೆರೆ. ಹೇಳಿದ ಕಡೆಗೆ ಹೋಗದ ಒಂದು ಟಾಂಗಾ ಕುದುರೆ; ಏಳು ಸೀಸನ್, ಇನ್ನೂರೆಂಟು ಕಂತು. ಎಂಟನೆಯ ಸೀಸನ್ನಿಗೆ ಇಪ್ಪತ್ತಾರು ಕಂತಿನ ಕಥೆ ಮೇಜಿನ ಮೇಲಿದೆ. ಅದು ಬಂದರೆ ಮಂಡಿ ಮೊಹಲ್ಲಾದ ಈ ಮಹಡಿಯಲ್ಲಿ ನಾವು ಆರು ಜನ ಇರುತ್ತೇವೆ. ಬರದಿದ್ದರೆ ಮೆಣಸಿನಕಾಯಿಯವರು ಮಹಡಿಯನ್ನೂ ಗೋದಾಮು ಮಾಡಿಕೊಳ್ಳುತ್ತಾರೆ. ಚಾನೆಲ್ಲಿನ ಅನಂತಪದ್ಮನಾಭ ಅವರು ಒಂದೇ ಒಂದು ಮಾತು ಕೇಳುತ್ತಿದ್ದಾರೆ: ದನಿ ಬದಲಾಗುವುದಿಲ್ಲ ಎಂದು ಬರೆದುಕೊಡಿ. ಸಿನಿಮಾದ ಕೆಲಸ ಮುಗಿಸಿ ಸೆಪ್ಟೆಂಬರಿಗೆ ಬರುತ್ತೀಯಾ?

ಕೇಳುವುದಕ್ಕೆ ಕಾರಣವಿದೆ. ಏಪ್ರಿಲ್‌ನಿಂದ ಸಂಜೆ ಐದೂವರೆಗೆ ಬರೀ ಹಳೆಯ ಕಂತುಗಳು ಬರುತ್ತಿವೆ. ಒಂಬತ್ತು ವಾರ ಆಯಿತು, ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಿದ್ದೇನೆ. ಕಂತಿನ ನಡುವೆ ಸಿನಿಮಾದ ಜಾಹೀರಾತು ಬರುತ್ತದೆ. ನಮ್ಮ ತಿಮ್ಮಿ ಬಾಯಿ ತೆರೆಯುವಷ್ಟರಲ್ಲಿ ಅವಳನ್ನು ತಡೆದು ಇನ್ನೊಬ್ಬ ತಿಮ್ಮಿ, ಹೊಳೆಯುವ ಕೂದಲಿನವಳು, ‘ಮುಂದಿನ ಬೇಸಿಗೆಗೆ ಬರ್ತಿದೀನಿ’ ಎಂಬ ಫಲಕ ಹಿಡಿದು ಓಡುತ್ತಾಳೆ. ಮಾತಿಲ್ಲ, ಬರೀ ಸಂಗೀತ.

ಇನ್ನೊಂದು. ಸಿನಿಮಾ ಕಂಪನಿಯವರು ಯಾವ ಅಕ್ಷರಕ್ಕೆ ಯಾವ ಬಾಯಿ ಬರೆಯಬೇಕೆಂದು ತೋರಿಸುವ ತಿಮ್ಮಿಯ ಬಾಯಿಗಳ ಚಾರ್ಟು ಕೇಳಿದರು, ಕಳಿಸಿದೆ. ಹನ್ನೆರಡು ಬಾಯಿಗಳಲ್ಲಿ ಹನ್ನೊಂದು ಉಚ್ಚಾರಕ್ಕೆ. ಏಳನೆಯದು ಯಾವ ಅಕ್ಷರಕ್ಕೂ ಅಲ್ಲ. ಮೊದಲ ವರ್ಷ ಒಂದು ಮಧ್ಯಾಹ್ನ ನೀನು ಏನೂ ತಿನ್ನದೆ ಕೂತು, ‘ಉಂಡೆ ಕಣವ್ವ, ಮುದ್ದೆ ಉಂಡೆ’ ಎಂದು ನಿಮ್ಮ ಅವ್ವ ಸಾಕಮ್ಮನವರಿಗೆ ಫೋನಿನಲ್ಲಿ ಹೇಳಿದೆ. ಮಾತಿಗೆ ಮುಂಚೆ ನಿನ್ನ ತುಟಿಯ ಎಡ ತುದಿ ಕೂದಲೆಳೆಯಷ್ಟು ಎದ್ದು ಇಳಿಯಿತು. ಆಮೇಲೆ ತಿಮ್ಮಿ ಸುಳ್ಳು ಹೇಳುವಾಗಲೆಲ್ಲ ನಾವು ಅದನ್ನೇ ಹಾಕಿದೆವು. ಅದು ಸುಳ್ಳಿನ ಬಾಯಿ ಎಂದು ಮಾತಿಗೆ ಬಾಯಿ ಕೂಡಿಸುವ ನಮ್ಮ ಬಿಂದುಶ್ರೀಗೆ ಗೊತ್ತು. ಎಲ್ಲಿಂದ ಬಂತೆಂದು ನಿನಗೂ ನನಗೂ ಮಾತ್ರ. ಬೇರೆಯವರಿಗೆ ಅದು ನಗುವಿನ ಹಾಗೆ ಕಾಣುತ್ತದೆ. ಚಾರ್ಟು ಕಳಿಸುವಾಗ ಅದರ ಅರ್ಥ ಬರೆಯಲಿಲ್ಲ. ಯಾಕೆ ಬರೆಯಲಿಲ್ಲವೆಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಸೆಪ್ಟೆಂಬರ್ ವಿಷಯ ತಿಳಿಸು.

ಪ್ರಸನ್ನ


ಹೈದರಾಬಾದ್
೩ ಜುಲೈ ೨೦೨೪

ಪ್ರಸನ್ನ,

ತಿಥಿ ಅಂತಲೇ ಅಂದೆ ಅಂತ ಇಟ್ಟುಕೊ. ನಿನಗೆ ಬೇಕಾಗಿರುವುದು ಅದೇ ತಾನೆ.

ಕೈಬರಹ ಕೇಳಿದೆ, ತಗೋ. ಇಷ್ಟುದ್ದ ಕೈಯಲ್ಲಿ ಬರೆದದ್ದು ಬಿ.ಎ. ಪರೀಕ್ಷೆಯಲ್ಲೇ ಕೊನೆ. ಅದರಲ್ಲೂ ಅರ್ಧ ಸುಳ್ಳೇ ಬರೆದಿದ್ದೆ, ಪಾಸಾದೆ.

ಇಲ್ಲಿಯ ರೆಕಾರ್ಡಿಂಗ್ ಕೋಣೆ ಎಷ್ಟು ನಿಶ್ಶಬ್ದವೆಂದರೆ ನನ್ನ ಹೊಟ್ಟೆಯ ಸದ್ದಿಗೆ ನಾಲ್ಕು ಟೇಕ್ ಹಾಳಾದವು. ನಮ್ಮಲ್ಲಿ ಅವ್ವ ಹೊಲಿದ ಕೌದಿಗಳನ್ನು ಗೋಡೆಗೆ ಹೊಡೆದು, ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಕೆಳಗಿನ ಹಮಾಲರು ನಮಾಜಿಗೆ ಹೋಗುವ ತನಕ ಕಾದು, ಆ ಮುಕ್ಕಾಲು ಗಂಟೆಯಲ್ಲಿ ವಾರದ ಅಳುವ ಸೀನುಗಳನ್ನೆಲ್ಲ ಮುಗಿಸುತ್ತಿದ್ದೆವು. ಇಲ್ಲಿ ಯಾವಾಗ ಬೇಕಾದರೂ ಅಳಬಹುದು. ಅದಕ್ಕೇ ಏನೋ, ಬರುವುದಿಲ್ಲ.

ಮಾತಾಡುವಾಗ ಮುಖಕ್ಕೆ ನೇರವಾಗಿ ಒಂದು ಕ್ಯಾಮೆರಾ ಇಟ್ಟಿರುತ್ತಾರೆ. ಮುಖ ಹೇಗೆ ಆಡುತ್ತದೋ ನೋಡಿಕೊಂಡು ಹುಡುಗರು ತಿಮ್ಮಿಯ ಮುಖ ಮಾಡುತ್ತಾರಂತೆ. ನಿನ್ನ ಚಾರ್ಟೂ ಗೋಡೆಯ ಮೇಲಿದೆ. ನಿರ್ದೇಶಕನ ಹೆಸರು ಚೈತನ್ಯ, ಮೂವತ್ತೂ ಆಗಿಲ್ಲ. ‘ನಮ್ಮ ತಂಗಿ ಚಿಕ್ಕೋಳಿದ್ದಾಗ ನಿಮ್ಮ ದನಿ ಕೇಳಿದ್ರೇನೇ ಊಟ ಮಾಡ್ತಿದ್ದಿದ್ದು ಮೇಡಂ’ ಅನ್ನುತ್ತಾನೆ. ಒಳ್ಳೆಯ ಹುಡುಗ. ಒಳ್ಳೆಯವರ ಹತ್ತಿರ ಹುಷಾರಾಗಿರು ಅಂತ ನೀನು ಈಗ ಅನ್ನುತ್ತೀಯ, ಗೊತ್ತು.

ಸಿನಿಮಾ ಬಂದು ಧಾರಾವಾಹಿಯನ್ನು ತಿನ್ನುತ್ತದೆ ಅಂತ ನಿನ್ನ ಅನುಮಾನ. ತಿಂದವರು ನಾವೇ, ಇನ್ನೂರೆಂಟು ಕಂತು ಮಾಡಿ. ನೋಡುವ ಮಕ್ಕಳು ಮೂರು ವರ್ಷಕ್ಕೆ ದೊಡ್ಡವಾಗಿ ಬೇರೆ ಏನನ್ನೋ ನೋಡುತ್ತವೆ. ಹೊಸ ಮಕ್ಕಳು ಬಂದು ಕೂರುತ್ತವೆ. ಅವಕ್ಕೆ ಒಂದನೆಯ ಕಂತೂ ಹೊಸದೇ. ಇನ್ನು ಇನ್ನೂರ ಒಂಬತ್ತನೆಯದು ಯಾರಿಗೆ ಬೇಕು ಹೇಳು.

ಸೆಪ್ಟೆಂಬರ್ ನೋಡೋಣ. ಇಲ್ಲಿ ಅವಳ ಕೆಲಸ ಇನ್ನೂ ಬಹಳ ಇದೆ.

ಗೌತಮಿ


ಮೈಸೂರು
೨೮ ಜುಲೈ ೨೦೨೪

ಗೌತಮಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ‘ಅವಳ ಕೆಲಸ’ ಎಂದು ಬರೆದಿದ್ದೀಯ. ಒಂಬತ್ತು ವರ್ಷ ನೀನು ತಿಮ್ಮಿಯನ್ನು ‘ನಾನು’ ಎಂದೇ ಕರೆದವಳು. ‘ನಾನ್ಯಾಕೆ ಪ್ರತಿ ಸೀನಲ್ಲೂ ಚರಂಡಿಗೆ ಬೀಳ್ಬೇಕು’ ಎಂದು ನನ್ನ ಮೇಲೆ ಪೆನ್ಸಿಲ್ ಎಸೆದಿದ್ದೀಯ. ಮೂರು ತಿಂಗಳಿಗೆ ಅವಳು ‘ಅವಳು’ ಆದಳೆ?

ಮಕ್ಕಳ ಬಗೆಗಿನ ನಿನ್ನ ವಾದ ಸರಿಯಾಗಿದೆ. ಸರಿಯಾಗಿರುವುದೇ ನನಗೆ ಅನುಮಾನ. ಇಷ್ಟು ಚೊಕ್ಕವಾಗಿ ನೀನು ವಾದ ಮಾಡುವವಳಲ್ಲ. ಯಾರೋ ನಿನಗೆ ಹೇಳಿದ್ದನ್ನು ನೀನು ನನಗೆ ಹೇಳುತ್ತಿದ್ದೀಯ. ಅದನ್ನು ನಿನಗೆ ಹೇಳಬೇಕಾದ ಪ್ರಸಂಗ ಅವರಿಗೆ ಯಾಕೆ ಬಂತು?

ಮೊನ್ನೆ ಅನಂತಪದ್ಮನಾಭ ಅವರೇ ಮಹಡಿ ಹತ್ತಿ ಬಂದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕೂತರು.

‘ಪ್ರಸನ್ನ ಅವ್ರೇ, ಸಿನಿಮಾ ಏನು ಹುಲೀನಾ, ನಿಮ್ಮನ್ನ ತಿನ್ನಕ್ಕೆ?’

‘ಓಡ್ಲಿಲ್ಲ ಅಂದ್ರೆ ಏನಾಗುತ್ತೆ ಸಾರ್?’

‘ಓಡ್ಲಿಲ್ಲ ಅಂದ್ರೆ ಜನಕ್ಕೆ ತಿಮ್ಮಿ ಸಾಕಾಯ್ತು ಅಂತ ಅರ್ಥ.’

‘ಓಡಿದ್ರೆ?’

‘ಓಡಿದ್ರೆ...’ ಕರವಸ್ತ್ರ ಮಡಿಸಿದರು. ‘ಅಷ್ಟು ಚೆಂದದ ತಿಮ್ಮೀನ ನೋಡ್ದೋರು ಮತ್ತೆ ನಿಮ್ಮ ತಿಮ್ಮೀನ ನೋಡ್ತಾರಾ ಅನ್ನೋದು ಒಂದು ಪ್ರಶ್ನೆ ಕಣ್ರೀ.’

ಕಂಪ್ಯೂಟರಿನ ಹಿಂದಿನಿಂದ ಬಿಂದುಶ್ರೀ ತಲೆ ಎತ್ತದೆ ಹೇಳಿದಳು: ‘ಅಂದ್ರೆ ಸಾರ್, ಹುಟ್ಟಿದ್ರೂ ಸೂತಕ, ಸತ್ರೂ ಸೂತಕ. ನಾವು ಆಚೆ ಕೂತಿರ್ಬೇಕು.’

ಅವರು ನಕ್ಕರು. ನಗು ಕೆಮ್ಮಾಯಿತು, ಬಿಂದುಶ್ರೀಯೇ ನೀರು ಕೊಟ್ಟಳು. ಹೋಗುವಾಗ ಮತ್ತೆ ಅದೇ ಮಾತು: ದನಿ ಗೌತಮಿಯದೇ ಎಂದು ಬರೆದುಕೊಟ್ಟರೆ ಇಪ್ಪತ್ತಾರು ಕಂತಿಗೆ ಮೇಲಿನವರನ್ನು ಕೇಳುವುದು ಸುಲಭ. ಬರೆದು ರುಜು ಹಾಕಿ ಕೊಟ್ಟೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ‘ನೋಡೋಣ’ ಅನ್ನುತ್ತಿದ್ದೆ. ಆ ಕಾಗದವನ್ನು ಸುಳ್ಳು ಮಾಡಬೇಡ.

ಪ್ರಸನ್ನ


ಹೈದರಾಬಾದ್
೧೯ ಆಗಸ್ಟ್ ೨೦೨೪

ಪ್ರಸನ್ನ,

ನನ್ನ ಗಂಟಲಿಗೆ ನೀನು ರುಜು ಹಾಕಿದ್ದೀಯ. ಇಲ್ಲಿಯೂ ನನ್ನ ಗಂಟಲಿಗೆ ಯಾರು ಯಾರೋ ರುಜು ಹಾಕುತ್ತಾರೆ. ಬಾಯಿ ಮಾತ್ರ ನನ್ನದು.

ಸೆಪ್ಟೆಂಬರಿಗೆ ಆಗುವುದಿಲ್ಲ. ಆಯುಧಪೂಜೆಯ ದಿನ ಮೈಕಿಗೆ ಹೂ ಮುಡಿಸುತ್ತೀಯಲ್ಲ, ಅಷ್ಟರೊಳಗೆ ಬರುತ್ತೇನೆ. ಹೂವನ್ನು ನಾನೇ ತರುತ್ತೇನೆ. ನೀನು ತರುವುದು ಯಾವಾಗಲೂ ಬಾಡಿರುತ್ತದೆ.

ಅವ್ವನ ಕೌದಿಗಳನ್ನು ಗೋಡೆಯಿಂದ ಇಳಿಸಬೇಡ. ಏನೇ ಆದರೂ.

ಗೌತಮಿ


ಮೈಸೂರು
೧೩ ಅಕ್ಟೋಬರ್ ೨೦೨೪

ಗೌತಮಿ,

ಹೂ ನಾನೇ ತಂದೆ. ಬಾಡಿತ್ತು.

ಆಯುಧಪೂಜೆಯ ದಿನ ಆರೂ ಜನ ಮೂರು ಗಂಟೆಯವರೆಗೆ ಕಾದೆವು. ಬಿಂದುಶ್ರೀ ‘ಬಸ್ ಲೇಟಾಗಿರ್ಬೋದು ಸಾರ್, ದಸರಾ ರಶ್ಶು’ ಅಂದಳು. ಮೂರು ಗಂಟೆಗೆ ‘ಇನ್ನು ಊಟ ಮಾಡಣ’ ಅಂದಳು. ಸೆಪ್ಟೆಂಬರ್ ಪೂರ್ತಿ ನಾನು ಬನ್ನಿಮಂಟಪದ ಮೈದಾನಕ್ಕೆ ಹೋಗಿ ಪಂಜಿನ ಕವಾಯತಿಗೆ ತಾಲೀಮು ನಡೆಸುವ ಕುದುರೆಗಳನ್ನು ಬರೆಯುತ್ತಿದ್ದೆ, ಹೊಸ ಸೀಸನ್ನಿಗೆಂದು. ನಿಜವಾದ ಕುದುರೆಯ ಬಾಯಿ ಏನನ್ನೂ ಹೇಳುವುದಿಲ್ಲ ಎಂಬುದು ಒಂಬತ್ತು ವರ್ಷದ ಮೇಲೆ ತಿಳಿಯಿತು. ಅದು ಕಿವಿಯಲ್ಲಿ ಹೇಳುತ್ತದೆ. ನಾವು ಕುದುರೆಗೆ ನಿನ್ನ ಬಾಯಿ ಇಟ್ಟು ನಂಬಿದ್ದೆವು.

ನಿನ್ನೆ ವಿದ್ಯಾರಣ್ಯಪುರಂಗೆ ಹೋಗಿದ್ದೆ, ನಿಮ್ಮ ಅಕ್ಕನ ಮನೆಗೆ. ಸಾಕಮ್ಮನವರು ಬಾಗಿಲಲ್ಲೇ ನನ್ನನ್ನು ಕಣ್ಣಲ್ಲಿ ಅಳೆದರು.

‘ಏನಪ್ಪ, ಕುದ್ರೆ ತಪ್ಪಿಸ್ಕೊಂಡೋನಂಗೆ ಬಂದಿದೀಯ.’

‘ಗೌತಮಿ ಫೋನ್ ಮಾಡಿದ್ಲಾ?’

‘ದಿನಾ ಮಾಡ್ತಾಳೆ. ಉಂಡೆ ಅಂತಾಳೆ. ಅದ್ಕಿಂತ ಜಾಸ್ತಿ ನಾನೂ ಕೇಳಲ್ಲ, ಅವಳೂ ಹೇಳಲ್ಲ.’

ಆಮೇಲೆ ಅನಂತಪದ್ಮನಾಭ ಅವರಿಗೆ ಫೋನ್ ಮಾಡಿದೆ. ದನಿಯ ಬಗ್ಗೆ ನಾನು ಬರೆದುಕೊಟ್ಟ ಪತ್ರ ಮೇಲಿನವರಿಂದ ವಾಪಸು ಬಂದಿದೆಯಂತೆ. ತಿಮ್ಮಿಯ ದನಿಯ ವಿಷಯ ಇನ್ನು ಮೇಲೆ ತಮ್ಮದು, ಬೇರೆ ಯಾರೂ ಮಾತು ಕೊಡುವ ಹಾಗಿಲ್ಲ ಎಂದು ಹೈದರಾಬಾದಿನವರು ಚಾನೆಲ್ಲಿಗೆ ಜುಲೈನಲ್ಲೇ ತಿಳಿಸಿದ್ದರಂತೆ. ನಾನು ರುಜು ಹಾಕಿದ ತಿಂಗಳಲ್ಲೇ. ‘ನಿಮ್ಮ ಗೌತಮಿಯವ್ರು ನಿಮಗೆ ಹೇಳಿರ್ಬೇಕಲ್ವಾ’ ಎಂದರು.

ಹೇಳಿರಬೇಕಲ್ಲವೆ? ನಿನ್ನ ಕಾಗದಗಳನ್ನು ಈಗ ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದೇನೆ. ‘ಅವಳ ಕೆಲಸ.’ ‘ನೋಡೋಣ.’ ‘ಏನೇ ಆದರೂ.’ ಸಿನಿಮಾಕ್ಕೆ ಮಾತ್ರ ದನಿ ಕೊಡುತ್ತೇನೆ, ಟೀವಿಗೆ ಇಲ್ಲ ಎಂದು ನೀನು ಒಪ್ಪಿಕೊಂಡಿದ್ದೀಯ ಎಂದೇ ನಾನು ಓದುತ್ತೇನೆ. ಬೇರೆ ರೀತಿ ಓದುವುದಿದ್ದರೆ ತಿಳಿಸು. ನಮ್ಮನ್ನು ಮಾರಿದೆ ಎಂಬ ಪದವನ್ನು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದರೆ ಕಾಣುತ್ತದೆ.

ಪ್ರಸನ್ನ


ಹೈದರಾಬಾದ್
೮ ನವೆಂಬರ್ ೨೦೨೪

ಪ್ರಸನ್ನ,

ಬೆಳಕಿಗೆ ಹಿಡಿದು ನೋಡಿದೆ. ಚೆನ್ನಾಗಿ ಕಾಣುತ್ತದೆ.

ನಾನು ಏನನ್ನೂ ಮಾರಿಲ್ಲ. ಇದನ್ನು ನೀನು ನಂಬುವುದಿಲ್ಲ. ಫೋನಿನಲ್ಲಿ ದನಿಯನ್ನು ನಂಬಲಿಲ್ಲ, ಈಗ ಕೈಬರಹವನ್ನೂ ನಂಬುತ್ತಿಲ್ಲ. ಆಯುಧಪೂಜೆಗೆ ಬಾರದ್ದು ನನ್ನ ತಪ್ಪು, ಅದಕ್ಕೆ ಕಾರಣ ಬರೆಯುವುದಿಲ್ಲ.

ನನ್ನ ಕೆಲಸ ಸೆಪ್ಟೆಂಬರ್ ಆರಕ್ಕೇ ಮುಗಿಯಿತು. ಆ ದಿನಕ್ಕೆ ಉಳಿದಿದ್ದದ್ದು ಒಂದೇ ಸಾಲು. ತಿಮ್ಮಿ ದೊಡ್ಡ ಊರಿಗೆ ಹೊರಡುತ್ತಾಳೆ. ಹಬ್ಬಕ್ಕೆ ಬರುತ್ತೇನೆ ಅಂತ ಟಾಂಗಾ ಅಜ್ಜನಿಗೆ ಹೇಳುತ್ತಾಳೆ. ‘ಶುಕ್ರವಾರ ಒಂದೂವರೆಗೆ ಇಡಿ’ ಅಂದೆ. ಚೈತನ್ಯನಿಗೆ ಯಾಕೆಂದು ತಿಳಿಯಲಿಲ್ಲ, ಇಟ್ಟ. ಒಂದೇ ಟೇಕ್.

ಮುಖ ಕಂಡರೆ ತಿಳಿಯುತ್ತದೆ ಅಂತ ನೀನು ಮೊದಲನೆಯ ಕಾಗದದಲ್ಲಿ ಬರೆದಿದ್ದೆ. ಬೇಸಿಗೆಗೆ ಸಿನಿಮಾ ಬರುತ್ತದೆ, ನೋಡು. ಅಲ್ಲಿಯವರೆಗೆ ಬರೆಯಬೇಡ. ಈ ಕೋಣೆ ಬಿಡುತ್ತಿದ್ದೇನೆ.

ಗೌತಮಿ


ಮೈಸೂರು
೪ ಮೇ ೨೦೨೫

ಗೌತಮಿ,

ಈ ಕಾಗದವನ್ನು ಸಾಕಮ್ಮನವರ ಕೈಗೆ ಕೊಡುತ್ತೇನೆ. ‘ಎಲ್ಲವ್ಳೆ ಅಂತ ಗೊತ್ತು, ಏಳಲ್ಲ ಅಂತ ಮಾತು ಕೊಟ್ಟಿದೀನಿ. ಕಾಗ್ದ ಕೊಡಲ್ಲ ಅಂತ ಮಾತು ಕೊಟ್ಟಿಲ್ಲ’ ಎಂದರು.

ಅವರನ್ನು ಕರೆದುಕೊಂಡೇ ಹೋದ ವಾರ ಸಿನಿಮಾಕ್ಕೆ ಹೋಗಿದ್ದೆ. ಬೆಳಗಿನ ಆಟ, ರಜೆಯ ಮಕ್ಕಳು, ಥಿಯೇಟರು ಮುಕ್ಕಾಲು ತುಂಬಿತ್ತು. ಅವರು ಜರಿಯಂಚಿನ ಸೀರೆ ಉಟ್ಟು ಬಂದಿದ್ದರು, ಮಗಳ ಸಿನಿಮಾ ಎಂದು. ನಾನು ತಪ್ಪು ಹುಡುಕಲು ಹೋಗಿದ್ದೆ. ಮೊದಲ ದೃಶ್ಯದಲ್ಲೇ ತಿಮ್ಮಿ ಬಾಯಿ ತೆರೆದಳು. ದನಿ ನಿನ್ನದಲ್ಲ. ಪೋಸ್ಟರಿನಲ್ಲಿ ಕುದುರೆಗಿಂತ ದೊಡ್ಡದಾಗಿ ನಿಂತಿದ್ದ ಆ ನಟಿಯದು. ಅವರು ಯಾವುದೋ ಹಾಡಿಗೆ ದನಿ ಕೊಟ್ಟಿರಬೇಕು ಎಂದುಕೊಂಡಿದ್ದೆ. ಹನ್ನೊಂದು ತಿಂಗಳು ನಿನ್ನನ್ನು ಅನುಮಾನಿಸಿದವನಿಗೆ ಪೋಸ್ಟರನ್ನು ಅನುಮಾನಿಸಬೇಕೆಂದು ಹೊಳೆಯಲಿಲ್ಲ.

ಸಾಕಮ್ಮನವರು ಪರದೆಯ ಕಡೆ ಬಾಗಿ ನೋಡಿದರು. ಆಮೇಲೆ ನನ್ನ ಮೊಣಕೈ ಹಿಡಿದರು.

‘ಬಾಯಿ ನಮ್ಮವುಳ್ದು ಕಣಪ್ಪ. ಮಾತು ಯಾರ್ದೋ.’

‘ನಿಮ್ಗೆ ಗೊತ್ತಿತ್ತಾ?’

‘ಏಳ್ನಿಲ್ಲ ನಂಗೂ. ಉಂಡೆ ಅಂತಾನೇ ಅಂತಿದ್ಲು.’

ಹಿಂದಿನ ಸಾಲಿನಲ್ಲಿ ಒಂದು ಮಗು ‘ತಿಮ್ಮಿ ಯಾಕಮ್ಮ ಆಂಟಿ ಥರ ಮಾತಾಡ್ತಾಳೆ?’ ಎಂದಿತು. ‘ಸುಮ್ನೆ ನೋಡು, ಪಾಪ್‌ಕಾರ್ನ್ ತಿನ್ನು’ ಎಂದು ಅದರ ತಾಯಿ. ಆ ಮಗುವನ್ನು ನಾನು ಪರದೆಗಿಂತ ಹೆಚ್ಚಾಗಿ ಗಮನಿಸುತ್ತಿದ್ದೆ. ಹತ್ತು ನಿಮಿಷಕ್ಕೆ ಅದು ನಗತೊಡಗಿತು. ಒಂಬತ್ತು ವರ್ಷಕ್ಕೆ ಹತ್ತು ನಿಮಿಷ. ಸಿನಿಮಾ ಕೆಟ್ಟದ್ದಾಗಿದ್ದರೆ ನನಗೆ ಒಂದು ದಾರಿ ಇರುತ್ತಿತ್ತು. ಅದು ಚೆನ್ನಾಗಿಯೇ ಇದೆ. ತಿಮ್ಮಿಯ ಒಂದೊಂದು ಕೂದಲೂ ಗಾಳಿಗೆ ಬೇರೆ ಬೇರೆಯಾಗಿ ಆಡುತ್ತದೆ.

ಮಧ್ಯಂತರಕ್ಕೆ ಮುಂಚೆ ಅವಳು ಊರು ಬಿಡುತ್ತಾಳೆ. ‘ಹಬ್ಬಕ್ಕೆ ಬಂದುಬಿಡ್ತೀನಿ ಕಣಜ್ಜ.’ ಮಾತು ನಟಿಯದು. ಮಾತಿಗೆ ಮುಂಚೆ ಅರ್ಧ ಸೆಕೆಂಡು, ಅಷ್ಟು ದೊಡ್ಡ ಪರದೆಯ ಮೇಲೆ, ತುಟಿಯ ಎಡ ತುದಿ ಎದ್ದು ಇಳಿಯಿತು. ಏಳನೆಯದು. ಕಥೆಯಲ್ಲಿ ಅದು ಸುಳ್ಳಲ್ಲ. ತಿಮ್ಮಿ ಹಬ್ಬಕ್ಕೆ ಬರುತ್ತಾಳೆ, ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಇಡೀ ಸಿನಿಮಾದಲ್ಲಿ ಆ ಬಾಯಿ ಮತ್ತೆಲ್ಲೂ ಇಲ್ಲ. ತಿಮ್ಮಿ ನಿಜವಾಗಿ ಸುಳ್ಳು ಹೇಳುವ ಕಡೆ ಕೂಡ.

ನಂಬರು ಹುಡುಕಿ ಚೈತನ್ಯನಿಗೆ ಫೋನ್ ಮಾಡಿದೆ. ಮರ್ಯಾದೆಯಿಂದ ಮಾತಾಡಿದ. ‘ಮೇಡಂ ದನಿ ಮೊದಲಿಂದಲೂ ಮಾದರಿಗೆ ಅಂತಲೇ ಇತ್ತು ಸಾರ್. ಅದನ್ನ ಕೇಳ್ಕೊಂಡು ನಾವು ಚಿತ್ರ ಮಾಡೋದು, ಆಮೇಲೆ ದೊಡ್ಡೋರು ಬಂದು ಅದರ ಮೇಲೆ ಮಾತಾಡೋದು. ಮೇಡಂಗೆ ಯಾವಾಗ ತಿಳಿಸಿದ್ರೋ ನಂಗೊತ್ತಿಲ್ಲ, ಅದು ಆಫೀಸಿನೋರ ಕೆಲಸ.’ ಆ ಒಂದು ಸಾಲಿನ ಬಾಯಿ ಚಾರ್ಟಿನಿಂದ ತೆಗೆದದ್ದೋ, ನಿನ್ನ ಮುಖದಿಂದಲೋ ಎಂದು ಕೇಳಿದೆ. ‘ಹುಡುಗರ ಮುಂದೆ ಎರಡೂ ಇರ್ತಿತ್ತು ಸಾರ್. ಯಾಕೆ, ಚೆನ್ನಾಗಿ ಬಂದಿಲ್ವಾ?’ ಎಂದ.

ಚೆನ್ನಾಗಿ ಬಂದಿದೆ ಎಂದೆ.

ಎಂಟನೆಯ ಸೀಸನ್ ಇಲ್ಲ. ಅನಂತಪದ್ಮನಾಭ ಅವರೇ ಬಂದು ಹೇಳಿದರು. ಈ ಸಲ ಕರವಸ್ತ್ರ ತಂದಿರಲಿಲ್ಲ, ಕಣ್ಣು ಒರೆಸಿಕೊಳ್ಳಲು ಬಿಂದುಶ್ರೀಯೇ ಕಾಗದ ಕೊಟ್ಟಳು. ಮೆಣಸಿನಕಾಯಿಯ ಘಾಟು ಎಂದರು. ಹಳೆಯ ಇನ್ನೂರೆಂಟು ಕಂತುಗಳು ಬರುತ್ತಲೇ ಇರುತ್ತವೆಯಂತೆ, ಸಿನಿಮಾದ ದನಿಗೆ ಹೊಂದುವ ಹೊಸ ದನಿಯಲ್ಲಿ. ಮೊದಲ ಕಂತಿನಿಂದ ನಿನ್ನನ್ನು ಒರೆಸುತ್ತಾ ಬರುತ್ತಾರೆ. ಸಿನಿಮಾ ನಮ್ಮ ಮುಂದಿನದನ್ನು ತಿನ್ನುತ್ತದೆ ಎಂದು ನಾನು ಹೆದರಿದ್ದೆ. ಮುಂದಿನದು ಇರಲೇ ಇಲ್ಲ, ಅದನ್ನು ನೀನೇ ಹೇಳಿದ್ದೆ. ಅದು ಹಿಂದಕ್ಕೆ ತಿನ್ನುತ್ತದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ತಿಂಗಳ ಕೊನೆಗೆ ಮಹಡಿ ಬಿಡಬೇಕು. ಕೌದಿಗಳನ್ನು ಇನ್ನೂ ಇಳಿಸಿಲ್ಲ. ಕಳೆದ ಶುಕ್ರವಾರ ಒಂದೂವರೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಮುಕ್ಕಾಲು ಗಂಟೆ ಯಾವ ಸದ್ದೂ ಇರಲಿಲ್ಲ.

ಹೊಡೆದುಹಾಕಿದ ಆ ಪದವನ್ನು ಕ್ಷಮಿಸು ಎಂದು ಬರೆಯುವುದು ಸುಲಭ. ಬರೆದಿದ್ದೇನೆ.

ಪ್ರಸನ್ನ

ರುಜು ಹಾಕಿದ ಮೇಲೂ ಲಕೋಟೆ ಅಂಟಿಸಲು ಆಗಲಿಲ್ಲ. ಆ ಬಾಯಿ ಚಾರ್ಟಿನಿಂದ ಬಂದಿದ್ದರೆ ಅರ್ಥ ಬರೆಯದೆ ಕಳಿಸಿದ ನನ್ನ ತಪ್ಪು, ಅಷ್ಟೇ. ನಿನ್ನ ಮುಖದಿಂದ ಬಂದಿದ್ದರೆ, ಆ ಶುಕ್ರವಾರ ಮೈಕಿನ ಮುಂದೆ ನಿಂತಾಗಲೇ ನಿನ್ನ ದನಿ ಉಳಿಯದೆಂದೂ ಹಬ್ಬಕ್ಕೆ ನೀನು ಬರುವುದಿಲ್ಲವೆಂದೂ ನಿನಗೆ ತಿಳಿದಿತ್ತು. ಆದರೆ ಏಳನೆಯ ಬಾಯಿ ಯಾರದೆಂದೂ ನಿನಗೆ ತಿಳಿದಿತ್ತು. ಎದುರಿಗೆ ಕ್ಯಾಮೆರಾ ಇದೆಯೆಂದೂ, ದನಿಯನ್ನು ತೆಗೆದರೂ ಮುಖ ಉಳಿಯುತ್ತದೆಂದೂ, ಅದನ್ನು ಓದಬಲ್ಲವನು ಒಬ್ಬನೇ ಎಂದೂ. ಗೌತಮಿ, ಅದನ್ನು ನೀನು ನನಗೆಂದು ಬರೆದೆಯಾ?